ನೀರು ಬರುವ ಮೊದಲು ನಮ್ಮೂರಿಗೆ ಬನ್ನಿ: ಮಲಪ್ರಭಾ ದಂಡೆಯಿಂದ ಒಂದು ಬಹಿರಂಗ ಪತ್ರ

ಮಲಪ್ರಭಾ, ಘಟಪ್ರಭಾ, ಕೃಷ್ಣಾ ದಂಡೆಯ ಜಿಲ್ಲೆಗಳ ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರಗಳು.

ಮಳೆಗಾಲ ಹತ್ತಿರ ಬಂದಂತೆ ನಿಮ್ಮ ಕಚೇರಿಗಳಲ್ಲಿ ಪ್ರವಾಹದ ಪೂರ್ವಸಿದ್ಧತಾ ಸಭೆ ನಡೆಯುತ್ತದೆ. ಮುಳುಗಬಹುದಾದ ಊರುಗಳ ಪಟ್ಟಿ ಓದುತ್ತಾರೆ. ಊರಿಗೊಬ್ಬ ನೋಡಲ್ ಅಧಿಕಾರಿ ನೇಮಕ ಆಗುತ್ತಾರೆ. ಬೋಟು ಎಷ್ಟಿವೆ, ಜನರನ್ನು ಇರಿಸುವ ಕಾಳಜಿ ಕೇಂದ್ರಕ್ಕೆ ಯಾವ ಶಾಲೆ, ಮೇವು ಎಲ್ಲಿಂದ ತರಬೇಕು ಎಂದು ಲೆಕ್ಕ ಹಾಕುತ್ತಾರೆ. ಇದೆಲ್ಲ ಬೇಕಾದದ್ದೇ. ಮರುದಿನ ಪೇಪರಿನಲ್ಲಿ ಓದಿದಾಗ ನಮಗೂ ಸ್ವಲ್ಪ ಧೈರ್ಯ ಬರುತ್ತದೆ. ಆದರೆ ಆ ಪಟ್ಟಿಯಲ್ಲಿ ಯಾವ ಊರುಗಳ ಹೆಸರಿದೆಯೋ, ಆ ಊರಿನ ಜನ ಸಭೆಯಲ್ಲಿ ಇರುವುದಿಲ್ಲ. ನಮ್ಮ ಬಗ್ಗೆ ತೀರ್ಮಾನ ಆಗುತ್ತದೆ. ನಮಗೆ ಅದು ಗೊತ್ತಾಗುವುದು ನೀರು ಬಂದ ಮೇಲೆ.

ನಾನು ಮಲಪ್ರಭಾ ದಂಡೆಯ ಒಂದು ಹಳ್ಳಿಯವಳು. ಸ್ವಲ್ಪ ಎರಿ ಹೊಲ ಇದೆ, ಎಮ್ಮೆ ಇವೆ. ಊರಿನ ಮಹಿಳಾ ಸಂಘದ ಲೆಕ್ಕ ಬರೆಯುತ್ತೇನೆ. ನಾನು ಕೇಳುವುದು ಒಂದೇ. ಮುಂದಿನ ಪ್ರವಾಹದ ಯೋಜನೆಯನ್ನು ದಂಡೆಯ ಪ್ರತಿ ಊರಲ್ಲಿ, ಆ ಊರಿನವರ ಜೊತೆ ಕೂತು ಬರೆಯಿರಿ. ಬರೆದ ಮೇಲೆ ನಮಗೆ ಓದಿ ಹೇಳಿದರೆ ಸಾಲದು. ಬರೆಯುವಾಗಲೇ ನಾವು ಇರಬೇಕು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಎಂದರೆ, ನಮ್ಮನ್ನು ಕೇಳದೆ ಮಾಡಿದರೆ ಏನಾಗುತ್ತದೆ ಎಂದು ಈ ಭಾಗ ಒಮ್ಮೆ ನೋಡಿದೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಮಳೆಯನ್ನು ಉತ್ತರ ಕರ್ನಾಟಕದಲ್ಲಿ ಯಾರೂ ಮರೆತಿಲ್ಲ. 200ಕ್ಕೂ ಹೆಚ್ಚು ಜನ ತೀರಿಹೋದರು. ಮಣ್ಣಿನ ಗೋಡೆಯ ಮನೆಗಳು ನೆನೆದು ನೆನೆದು ಕುಸಿದವು. ಆಗ ಸರ್ಕಾರ ‘ಆಸರೆ’ ಯೋಜನೆ ತಂದಿತು. ದಾನಿಗಳು, ಕಂಪನಿಗಳು, ಮಠಗಳು ಕೈಜೋಡಿಸಿದವು. ಹೊಳೆಯಿಂದ ದೂರ, ಎತ್ತರದ ಜಾಗಗಳಲ್ಲಿ ಸಾಲು ಮನೆಗಳು ಎದ್ದವು. ಒಳ್ಳೆಯ ಮನಸ್ಸಿನಿಂದ ಆದ ಕೆಲಸ, ಅದರಲ್ಲಿ ಅನುಮಾನವಿಲ್ಲ.

ಹತ್ತು ವರ್ಷ ಕಳೆದು 2019ರ ಆಗಸ್ಟ್‌ನಲ್ಲಿ ಮತ್ತೆ ನೀರು ಬಂತು. ಆಗ ನೋಡಿದರೆ ಎಷ್ಟೋ ಊರುಗಳಲ್ಲಿ ಜನ ಇನ್ನೂ ಹಳೆ ಊರಲ್ಲೇ ಇದ್ದರು. ಆಸರೆ ಮನೆಗಳು ಖಾಲಿ ನಿಂತಿದ್ದವು. ಕೆಲವಕ್ಕೆ ಬಾಗಿಲು, ಕಿಟಕಿ ಇರಲಿಲ್ಲ. ಸುತ್ತ ಜಾಲಿ ಕಂಟಿ ಆಳೆತ್ತರ ಬೆಳೆದಿತ್ತು. ‘ಮನೆ ಕಟ್ಟಿಕೊಟ್ಟರೂ ಈ ಜನ ಹೋಗಲಿಲ್ಲ’ ಎಂದು ಆಗ ಬಹಳ ಜನ ಮಾತಾಡಿದರು. ಟೀವಿಯಲ್ಲೂ ಅದೇ ಮಾತು ಬಂತು.

ಯಾಕೆ ಹೋಗಲಿಲ್ಲ ಎಂದು ಕೇಳಿದವರು ಮಾತ್ರ ಕಡಿಮೆ. ನಮ್ಮ ಕಡೆಯ ಹಳೆ ಮನೆಯನ್ನು ಒಮ್ಮೆ ಒಳಗೆ ಬಂದು ನೋಡಿ. ಬಾಗಿಲು ದಾಟಿದರೆ ಮೊದಲು ಸಿಗುವುದು ದನ ಕಟ್ಟುವ ಜಾಗ, ಅವುಗಳ ಗೋದಲಿ. ಒಂದೆರಡು ಮೆಟ್ಟಿಲು ಮೇಲೆ ಮನುಷ್ಯರು ಕೂರುವ ಪಡಸಾಲೆ. ಅದರಾಚೆ ಅಡುಗೆಮನೆ, ಕಾಳಿನ ಚೀಲ ಇಡುವ ಕೋಣೆ. ಹಿತ್ತಲಲ್ಲಿ ತಿಪ್ಪೆ, ಕಟ್ಟಿಗೆ, ಕುಳ್ಳು. ಊರ ಹೊರಗೆ ಕಣ, ಮೇವಿನ ಬಣವೆ. ರಾತ್ರಿ ಎಮ್ಮೆ ಕೆಮ್ಮಿದರೂ ನಮಗೆ ಎಚ್ಚರ ಆಗುತ್ತದೆ. ಹೊಸ ಮನೆಯಲ್ಲಿ ಒಂದು ಪಡಸಾಲೆ, ಒಂದು ಕೋಣೆ, ಒಂದು ಅಡುಗೆಮನೆ. ಎತ್ತು, ಎಮ್ಮೆ ಎಲ್ಲಿ ಕಟ್ಟಬೇಕು? ಬಣವೆ ಎಲ್ಲಿ ಒಟ್ಟಬೇಕು? ಹೊಲ ಹಳೆ ಊರಿನ ಪಕ್ಕ ಇದೆ. ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಅಷ್ಟು ದೂರ ನಡೆದು, ಸಂಜೆ ಹುಲ್ಲಿನ ಹೊರೆ ಹೊತ್ತು ವಾಪಸ್ ಬರುವವರು ಯಾರು? ಹೆಂಗಸರೇ ಅಲ್ವಾ?

ಇನ್ನೊಂದು ವಿಷಯ. ದಾಖಲೆಯಲ್ಲಿ ಮನೆ ಒಂದು, ಒಳಗೆ ಒಲೆ ಮೂರು. ಅಣ್ಣ ತಮ್ಮಂದಿರು ಬೇರೆ ಆಗಿರುತ್ತಾರೆ, ಆದರೆ ಮನೆ ನಂಬರ್ ಅಪ್ಪನ ಹೆಸರಲ್ಲೇ ಇರುತ್ತದೆ. ಒಂದು ನಂಬರಿಗೆ ಒಂದು ಮನೆ ಬಂದರೆ ಉಳಿದ ಎರಡು ಸಂಸಾರ ಎಲ್ಲಿಗೆ ಹೋಗಬೇಕು? ಅವರು ಹಳೆ ಊರಲ್ಲಿ ಉಳಿದರು. ಅವರು ಉಳಿದರೆಂದು ವಯಸ್ಸಾದ ತಾಯಿ ಉಳಿದಳು. ತಾಯಿ ಉಳಿದಳೆಂದು ಹೊಸ ಮನೆಗೆ ಹೋದ ಮಗ ಕೂಡ ವಾಪಸ್ ಬಂದ. ಎಷ್ಟೋ ಕಡೆ ಹಕ್ಕುಪತ್ರ ಕೈಗೆ ಬರಲಿಲ್ಲ, ನೀರಿನ ಪೈಪು ಬರಲಿಲ್ಲ, ಕರೆಂಟು ತಡವಾಯಿತು. ಇವು ಬಗೆಹರಿಯದ ಸಮಸ್ಯೆಗಳೇನೂ ಆಗಿರಲಿಲ್ಲ. ಜಾಗ ಗುರುತಿಸುವ ಮೊದಲು ಒಂದು ಸಂಜೆ ಊರ ಕಟ್ಟೆಯ ಮೇಲೆ ಕೂತಿದ್ದರೆ ಇವೆಲ್ಲ ಆಗಲೇ ಗೊತ್ತಾಗುತ್ತಿದ್ದವು. ಮನೆ ಸ್ವಲ್ಪ ಸಣ್ಣದಾದರೂ ಪರವಾಗಿಲ್ಲ, ದನಕ್ಕೆ ಒಂದು ತಗಡಿನ ಕೊಟ್ಟಿಗೆ ಕೊಡಿ ಎಂದು ನಾವೇ ಹೇಳುತ್ತಿದ್ದೆವು.

2019ರಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಎಂದು ಸರ್ಕಾರ ಘೋಷಿಸಿತು. ತುರ್ತು ಖರ್ಚಿಗೆ 10,000 ಕೊಟ್ಟಿತು. ಆ ಹಣ ಎಷ್ಟೋ ಸಂಸಾರಗಳನ್ನು ಉಳಿಸಿದೆ, ಅದನ್ನು ಮರೆಯಬಾರದು. ಆದರೆ ಹೆಚ್ಚಿನವರು ಮನೆ ಕಟ್ಟಿಕೊಂಡದ್ದು ಬಿದ್ದ ಜಾಗದಲ್ಲೇ. ಎಲ್ಲಿ ಕಟ್ಟಿದರೆ ಒಳ್ಳೆಯದು, ಬುನಾದಿ ಎಷ್ಟು ಎತ್ತರ ಇರಬೇಕು ಎಂದು ಊರು ಕೂಡಿ ಮಾತಾಡಲು ಅದೇ ಸರಿಯಾದ ಹೊತ್ತಾಗಿತ್ತು. ಆಗ ಎಲ್ಲರ ಬಾಯಲ್ಲಿ ಇದ್ದದ್ದು ಮನೆ ಎಷ್ಟು ಹಾಳಾಗಿದೆ ಎಂದು ವಿಂಗಡಿಸುವ ಎ, ಬಿ, ಸಿ ಕೆಟಗರಿ ಮಾತ್ರ. ನಮ್ಮ ಮನೆ ಯಾವುದರಲ್ಲಿ, ಅವರ ಮನೆ ಯಾವುದರಲ್ಲಿ ಎಂಬ ಜಗಳದಲ್ಲೇ ದಿನ ಹೋದವು. 2021ರ ಜುಲೈನಲ್ಲಿ ಕೃಷ್ಣಾ, ಘಟಪ್ರಭಾ ದಂಡೆಯವರು ಮತ್ತೆ ಗಂಟುಮೂಟೆ ಕಟ್ಟಬೇಕಾಯಿತು.

ಈಗ ಮುನ್ಸೂಚನೆಯ ವಿಷಯಕ್ಕೆ ಬರುತ್ತೇನೆ. ನನ್ನ ಪ್ರಕಾರ ಊರಿನವರ ತಿಳಿವಳಿಕೆ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಇಲ್ಲೇ. ಹಾಗಾಗಿ ಸ್ವಲ್ಪ ಉದ್ದವಾದರೂ ದಯವಿಟ್ಟು ಓದಿ.

ಕನಕುಂಬಿಯಲ್ಲಿ ಹುಟ್ಟುವ ಮಲಪ್ರಭೆಗೆ ನವಿಲುತೀರ್ಥದಲ್ಲಿ ಜಲಾಶಯ ಇದೆ. ಅದು ಎಷ್ಟೋ ವರ್ಷ ತುಂಬುವುದಿಲ್ಲ. ತುಂಬದ ವರ್ಷಗಳಲ್ಲಿ ಕೆಳಗಿನ ಹೊಳೆ ಒಂದು ಹಳ್ಳದಷ್ಟು ಸೊರಗಿರುತ್ತದೆ. ತುಂಬಿದ ವರ್ಷ ಮಾತ್ರ ಕೆಲವೇ ದಿನಗಳಲ್ಲಿ ತುಂಬಿಬಿಡುತ್ತದೆ. ಗೇಟು ಎತ್ತುತ್ತಾರೆ. ನಮ್ಮ ಮೊಬೈಲಿಗೆ ಸುದ್ದಿ ಬರುತ್ತದೆ: ಹೊರಹರಿವು ಇಷ್ಟು ಸಾವಿರ ಕ್ಯೂಸೆಕ್, ನದಿ ಪಾತ್ರದ ಜನ ಎಚ್ಚರದಿಂದ ಇರಬೇಕು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್ ನೀರು. ಶಾಲೆಯ ಹುಡುಗರು ಲೆಕ್ಕ ಹಾಕಿ ಹೇಳಬಹುದು. ಆದರೆ 50,000 ಕ್ಯೂಸೆಕ್ ಬಿಟ್ಟರೆ ನಮ್ಮ ಊರಬಾಗಿಲಿಗೆ, ಅಂದರೆ ಅಗಸಿಗೆ, ನೀರು ಬರುತ್ತದೋ ಇಲ್ಲವೋ? ಬಂದರೆ ಎಷ್ಟು ತಾಸಿಗೆ? ಇದನ್ನು ಯಾವ ಸುದ್ದಿಯೂ ಹೇಳುವುದಿಲ್ಲ.

ಊರಿನ ಹಿರಿಯರು ಹೇಳುತ್ತಾರೆ. ಹೊಳೆಗೆ ಇಳಿಯುವ ಪಾವಟಿಗೆಗಳು ಮುಳುಗಿದರೆ ದಂಡೆ ಹೊಲದ ಪಂಪ್‌ಸೆಟ್ ಬಿಚ್ಚಿ ತರಬೇಕು. ನೀರು ಹನುಮಂತದೇವರ ಗುಡಿಯ ಕೆಳಗಿನ ಬೇವಿನ ಕಟ್ಟೆ ಮುಟ್ಟಿದರೆ ದನ ಹೊರಡಿಸಬೇಕು. ಅಷ್ಟರಲ್ಲಿ ಊರ ಹಿಂದಿನ ಹಳ್ಳಕ್ಕೆ ಹೊಳೆಯ ನೀರು ಒತ್ತಿ ಬಂದಿರುತ್ತದೆ. ಅಂದರೆ ಮನೆಗಳಿಗೆ ನೀರು ನುಗ್ಗುವ ಎಷ್ಟೋ ಮೊದಲೇ ತಾಲೂಕಿಗೆ ಹೋಗುವ ರಸ್ತೆ ಬಂದ್ ಆಗುತ್ತದೆ. ಹೊಳೆ ಮುಂದಿನಿಂದ ಬರುತ್ತದೆ ಎಂದು ಎಲ್ಲರೂ ಮುಂದೆ ನೋಡುತ್ತಿರುವಾಗ ಹಿಂದೆ ದಾರಿ ಮುಚ್ಚಿರುತ್ತದೆ. ಗಾಡಿ, ಟ್ರ್ಯಾಕ್ಟರ್ ದಾಟುವ ಹಾಗಿಲ್ಲ. ಆಮೇಲೆ ಉಳಿಯುವುದು ಬೋಟು. ಬೋಟಿನಲ್ಲಿ ಎಮ್ಮೆ ಹತ್ತುವುದಿಲ್ಲ. ದನ ಬಿಟ್ಟು ನಾವು ಬರುವುದಿಲ್ಲ ಎಂದು ಕೂತವರನ್ನು ಬೈಯುವ ಮೊದಲು ಇದನ್ನು ಯೋಚಿಸಬೇಕು. ಅವರಿಗೆ ರಸ್ತೆ ತೆರೆದಿದ್ದಾಗಲೇ ಹೇಳಿದ್ದರೆ ದನ ಹೊಡೆದುಕೊಂಡು ನಡೆದೇ ಹೋಗುತ್ತಿದ್ದರು.

ಜಲಾಶಯದ ಲೆಕ್ಕ ಒಂದರಿಂದಲೂ ಎಲ್ಲ ಗೊತ್ತಾಗುವುದಿಲ್ಲ. ಹುಬ್ಬಳ್ಳಿ, ನವಲಗುಂದ ಕಡೆಯಿಂದ ಬೆಣ್ಣೆಹಳ್ಳ ಬಂದು ಮಲಪ್ರಭೆಯನ್ನು ಕೂಡುತ್ತದೆ. ಆ ಕಡೆ ಜೋರು ಮಳೆ ಆದರೆ ಡ್ಯಾಮಿನ ಗೇಟು ಮುಚ್ಚಿದ್ದರೂ ಕೆಳಗಿನ ಊರುಗಳಿಗೆ ನೀರು ಬರುತ್ತದೆ. ಹೊಳೆಯೂ ತುಂಬಿ ಹಳ್ಳವೂ ತುಂಬಿದರೆ ಹಳ್ಳದ ನೀರು ಮುಂದೆ ಹೋಗಲಾರದೆ ಹಿಂದಕ್ಕೆ ಏರುತ್ತದೆ. ಘಟಪ್ರಭೆಯದ್ದೂ ಹೀಗೆಯೇ. ಹಿಡಕಲ್ ಜಲಾಶಯದ ಅಂಕಿ ಒಂದು ಕಡೆ. ಗೋಕಾಕ ದಾಟುವ ಹೊತ್ತಿಗೆ ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳ ನೀರೂ ಸೇರಿರುತ್ತದೆ. ಯಾವ ಹಳ್ಳ ಯಾವಾಗ ಉಬ್ಬುತ್ತದೆ ಎಂಬುದು ಆಯಾ ಊರಿನ ಕುರಿ ಕಾಯುವವರಿಗೆ, ಮೀನು ಹಿಡಿಯುವವರಿಗೆ ಚೆನ್ನಾಗಿ ಗೊತ್ತು. ನಿಮ್ಮ ನಕ್ಷೆಯಲ್ಲಿ ಅದು ಇದೆಯಾ?

ಇದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ. 2009ರಲ್ಲಿ ನೀರು ಎಲ್ಲಿಗೆ ಬಂದಿತ್ತು, 2019ರಲ್ಲಿ ಎಲ್ಲಿಗೆ ಎಂದು ಊರವರೇ ಗೋಡೆ ಗೋಡೆ ತೋರಿಸುತ್ತಾರೆ. ಆ ಗೆರೆಗಳನ್ನು ಗುಡಿಯ ಕಂಬಕ್ಕೆ, ಶಾಲೆಯ ಗೋಡೆಗೆ, ಕರೆಂಟ್ ಕಂಬಕ್ಕೆ ಬಣ್ಣದಲ್ಲಿ ಬರೆಸಿ. ನೀರಾವರಿ ಇಲಾಖೆಯವರ ಹತ್ತಿರ ಆ ದಿನಗಳ ಹೊರಹರಿವಿನ ದಾಖಲೆ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಪ್ರತಿ ಊರಿಗೂ ಅದರದ್ದೇ ಒಂದು ಪಟ್ಟಿ ಸಿಗುತ್ತದೆ: ಇಷ್ಟು ನೀರು ಬಿಟ್ಟರೆ ಇಲ್ಲಿಯವರೆಗೆ, ಇಷ್ಟು ತಾಸಿನಲ್ಲಿ. ನಮ್ಮ ರಾಜ್ಯದ ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಮಳೆಮಾಪಕ ಇಟ್ಟಿದೆ. ನಮ್ಮ ಪಂಚಾಯಿತಿಯ ಮಳೆ ಎಷ್ಟು ಎಂದು ಬೆಂಗಳೂರಿನಲ್ಲಿ ಕೂತವರಿಗೆ ಆಗಿಂದಾಗಲೇ ಗೊತ್ತಾಗುತ್ತದೆ. ದೇಶದಲ್ಲೇ ಒಳ್ಳೆಯ ವ್ಯವಸ್ಥೆ ಅದು. ಅಲ್ಲಿಂದ ವಾಪಸ್ ನಮ್ಮ ಅಗಸಿಯವರೆಗೆ ಮಾತು ಬರುವ ದಾರಿಯನ್ನು ನಾವು ಕೂಡಿ ಮಾಡಬೇಕು.

ಸಭೆ ಎಂದಾಗ ಯಾರು ಬರುತ್ತಾರೆ ಎಂಬ ಪ್ರಶ್ನೆಯೂ ಇದೆ. ಗ್ರಾಮಸಭೆ ಎಂದು ಹೇಳಿ ಸದಸ್ಯರು, ಗುತ್ತಿಗೆದಾರರು, ನಾಲ್ಕು ಜನ ದೊಡ್ಡ ಹಿಡುವಳಿದಾರರು ಕೂತು ಸಹಿ ಹಾಕಿ ಎದ್ದರೆ ಏನೂ ಆಗುವುದಿಲ್ಲ. ಎಷ್ಟೋ ಊರುಗಳಲ್ಲಿ ದಲಿತರ ಕೇರಿ ತಗ್ಗಿನಲ್ಲಿ ಇರುತ್ತದೆ. ನೀರು ಮೊದಲು ಅಲ್ಲಿಗೇ ಬರುತ್ತದೆ. ಅವರ ಮಾತು ಮೊದಲು ಕೇಳಬೇಕು. ಸಭೆಯನ್ನು ಅವರ ಕೇರಿಯಲ್ಲೇ ಇಟ್ಟರೆ ಇನ್ನೂ ಒಳ್ಳೆಯದು. ಲಾವಣಿಗೆ, ಅಂದರೆ ಗುತ್ತಿಗೆಗೆ, ಹೊಲ ಮಾಡಿದವರ ಹೆಸರು ಪಹಣಿಯಲ್ಲಿ ಇರುವುದಿಲ್ಲ. ಬೆಳೆ ಹೋದರೆ ಪರಿಹಾರ ಹೊಲದ ಮಾಲೀಕರ ಖಾತೆಗೆ ಹೋಗುತ್ತದೆ. ಬೀಜ ಗೊಬ್ಬರಕ್ಕೆ ಸಾಲ ಮಾಡಿದವರು ಕೈ ಖಾಲಿ ಕೂರುತ್ತಾರೆ. ಯಾರ ಹೊಲವನ್ನು ಯಾರು ಮಾಡುತ್ತಿದ್ದಾರೆ ಎಂದು ಊರಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಮಳೆಗಾಲಕ್ಕೆ ಮೊದಲೇ ವಾರ್ಡ್ ಸಭೆಯಲ್ಲಿ ಅದನ್ನು ಬರೆದು ಇಡಬಹುದು.

ಹೆಂಗಸರ ಮಾತು ಬೇರೆಯೇ ಇರುತ್ತದೆ. ಕಾಳಜಿ ಕೇಂದ್ರ ಎಂದರೆ ನಿಮ್ಮ ಪಟ್ಟಿಯಲ್ಲಿ ಎಷ್ಟು ಜನರಿಗೆ ಊಟ, ಎಷ್ಟು ಚಾಪೆ ಎಂದಿರುತ್ತದೆ. ನಾವು ಮೊದಲು ಕೇಳುವುದು ಶೌಚಾಲಯಕ್ಕೆ ನೀರು ಇದೆಯಾ, ಬಾಗಿಲಿಗೆ ಚಿಲಕ ಇದೆಯಾ ಎಂದು. ಬಾಣಂತಿಗೆ ಬೇರೆ ಕೋಣೆ ಬೇಕು. ಮುಟ್ಟಾದ ಹುಡುಗಿ ನೂರಾರು ಜನರ ನಡುವೆ ಎಲ್ಲಿ ಹೋಗಬೇಕು? ಯಾವ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕರಿದ್ದಾರೆ, ಯಾರಿಗೆ ದಿನಾ ಶುಗರ್ ಮಾತ್ರೆ ಬೇಕು, ಯಾರ ಹೊಟ್ಟೆಯಲ್ಲಿ ಎಂಟು ತಿಂಗಳು ಎಂಬುದು ಆಶಾ ಕಾರ್ಯಕರ್ತೆಗೆ, ಅಂಗನವಾಡಿ ಟೀಚರಿಗೆ, ನಮ್ಮಂಥ ಸಂಘದವರಿಗೆ ಬಾಯಿಪಾಠ. ಮೊದಲು ಯಾರನ್ನು ಸಾಗಿಸಬೇಕು ಎಂಬ ಪಟ್ಟಿಯನ್ನು ನಾವು ಒಂದು ಮಧ್ಯಾಹ್ನದಲ್ಲಿ ಬರೆದು ಕೊಡುತ್ತೇವೆ.

ಇದು ನಾವು ಸುಮ್ನೆ ಕೇಳುತ್ತಿರುವ ದಯೆ ಅಲ್ಲ, ಕಾನೂನಿನಲ್ಲೇ ಇದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 31ನೇ ಕಲಮು ಪ್ರತಿ ಜಿಲ್ಲೆಗೂ ಒಂದು ಯೋಜನೆ ಇರಬೇಕು, ಅದನ್ನು ಸ್ಥಳೀಯ ಸಂಸ್ಥೆಗಳ ಜೊತೆ ಸಮಾಲೋಚಿಸಿ ಮಾಡಬೇಕು, ವರ್ಷ ವರ್ಷ ಪರಿಶೀಲಿಸಬೇಕು ಎನ್ನುತ್ತದೆ. ಅದೇ ಕಾಯ್ದೆ ಜಿಲ್ಲಾ ಪ್ರಾಧಿಕಾರಕ್ಕೆ ನಿಮ್ಮನ್ನು ಅಧ್ಯಕ್ಷರನ್ನಾಗಿ ಮಾಡಿ, ಪಕ್ಕದಲ್ಲಿ ಜಿಲ್ಲಾ ಪಂಚಾಯಿತಿ ಅಧ್ಯಕ್ಷರನ್ನು ಸಹ ಅಧ್ಯಕ್ಷರಾಗಿ ಕೂರಿಸಿತು. ಜನರ ಕಡೆಯವರೊಬ್ಬರು ಅಲ್ಲಿ ಇರಲಿ ಎಂಬುದು ಅದರ ಉದ್ದೇಶ. ನಮ್ಮ ರಾಜ್ಯದಲ್ಲಿ 2021ರಲ್ಲಿ ಜಿಲ್ಲಾ ಪಂಚಾಯಿತಿಗಳ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಆ ಕುರ್ಚಿ ಖಾಲಿ ಉಳಿಯಿತು. ಮೇಲೆ ನಮ್ಮ ಪರವಾಗಿ ಮಾತಾಡುವವರು ಇಲ್ಲದಿರುವಾಗ ಕೆಳಗೆ ಗ್ರಾಮಸಭೆಗೆ ಬಂದು ಕೇಳುವುದು ಇನ್ನೂ ಮುಖ್ಯ ಆಗುತ್ತದೆ.

ಪಕ್ಕದ ಕೇರಳದಲ್ಲಿ 2018ರ ಪ್ರವಾಹದ ನಂತರ ‘ನಮ್ಮಳ್ ನಮುಕ್ಕಾಯಿ’ (ನಾವು ನಮಗಾಗಿ) ಎಂಬ ಅಭಿಯಾನ ನಡೆಸಿದರು. ಪಂಚಾಯಿತಿಗಳು ತಮ್ಮ ತಮ್ಮ ವಿಪತ್ತು ಯೋಜನೆಗಳನ್ನು ತಾವೇ ಬರೆದವು. ದೂರದ ನೆದರ್‌ಲ್ಯಾಂಡ್ಸ್‌ನ ಒಂದು ಕಥೆ ನನಗೆ ಇನ್ನೂ ಹತ್ತಿರ ಅನಿಸುತ್ತದೆ. ಅಲ್ಲಿ 1993 ಮತ್ತು 1995ರಲ್ಲಿ ನದಿಗಳು ಉಕ್ಕಿದವು. 1995ರಲ್ಲಿ ಸುಮಾರು ಎರಡೂವರೆ ಲಕ್ಷ ಜನರನ್ನು ಸಾಗಿಸಬೇಕಾಯಿತು. ಆಮೇಲೆ ಸರ್ಕಾರ ನದಿಗೆ ಜಾಗ ಬಿಟ್ಟುಕೊಡುವ ಯೋಜನೆ ಮಾಡಿತು. ಓವರ್‌ಡೀಪ್ಸೆ ಎಂಬ ಜಾಗದ ಒಡ್ಡು ತಗ್ಗಿಸಿ, ದೊಡ್ಡ ನೀರು ಬಂದಾಗ ಅಲ್ಲಿಗೆ ಹರಿಯಬಿಡಬೇಕು ಎಂದಾಯಿತು. ಅಲ್ಲಿದ್ದವರು ಹೈನುಗಾರ ರೈತರು. ಅವರು ಬರೀ ಬೇಡ ಎಂದು ಕೂರಲಿಲ್ಲ. ಎತ್ತರದ ದಿಬ್ಬಗಳನ್ನು ಕಟ್ಟಿ, ಮನೆ ಮತ್ತು ಕೊಟ್ಟಿಗೆಗಳನ್ನು ಅದರ ಮೇಲೆ ಇಡೋಣ ಎಂದು ತಾವೇ ಯೋಜನೆ ಮುಂದಿಟ್ಟರು. ಸರ್ಕಾರ ಒಪ್ಪಿತು. ಕೆಲವರು ಪರಿಹಾರ ಪಡೆದು ಹೋದರು, ಉಳಿದವರು ದಿಬ್ಬದ ಮೇಲೆ ದನಗಳ ಸಮೇತ ನೆಲೆಸಿದರು. ಅವರ ದೇಶದ ಹಣ, ತಂತ್ರ ನಮ್ಮಲ್ಲಿಲ್ಲ. ಆದರೆ ಕೊಟ್ಟಿಗೆಯ ಮಾತು ಅಲ್ಲಿ ಬಂದದ್ದು ರೈತರನ್ನು ಕೇಳಿದ್ದರಿಂದ. ನಮ್ಮ ಆಸರೆ ಮನೆಗಳಲ್ಲಿ ಬಿಟ್ಟುಹೋದದ್ದು ಅದೇ.

ದಂಡೆಯ ನಮ್ಮ ಜನರಿಗೂ ಇಲ್ಲೊಂದು ಮಾತು ಹೇಳಬೇಕು. ಮಲಪ್ರಭೆಯ ಪಾತ್ರ ಈಗ ಮೊದಲಿನಷ್ಟು ಅಗಲ ಇಲ್ಲ. ಹೂಳು ತುಂಬಿದೆ, ಜಾಲಿ ಬೆಳೆದಿದೆ. ನೀರು ಬಾರದ ವರ್ಷಗಳಲ್ಲಿ ದಂಡೆ ಹೊಲದವರು ಒಂದೊಂದೇ ಸಾಲು ಹೊಳೆಯ ಕಡೆಗೆ ಉಳುಮೆ ಮಾಡುತ್ತಾ ಹೋದದ್ದೂ ನಿಜ. ಯೋಜನೆಯಲ್ಲಿ ನಮಗೆ ಪಾಲು ಬೇಕು ಎಂದು ಕೇಳುವಾಗ ಈ ವಿಷಯವನ್ನೂ ನಾವೇ ಎತ್ತಬೇಕು. ಸರ್ವೆ ಆಗಲಿ, ಹೊಳೆಯ ಗಡಿಗೆ ಕಲ್ಲು ನೆಡಲಿ. ಸಣ್ಣ ರೈತನ ಅರ್ಧ ಎಕರೆ ಮಾತ್ರ ಕಾಣಿಸಿ ದೊಡ್ಡವರ ತೋಟ ಕಾಣಿಸದಿದ್ದರೆ ಯಾರೂ ಒಪ್ಪುವುದಿಲ್ಲ. ಎಲ್ಲರ ಎದುರು, ನಕ್ಷೆ ಹರಡಿ, ಹಗಲು ಹೊತ್ತಿನಲ್ಲಿ ಅಳತೆ ಆದರೆ ಬಿಟ್ಟುಕೊಡುವವರು ಇದ್ದಾರೆ. ನಾನು ಮಾತಾಡಿಸಿದ ಎಷ್ಟೋ ಮನೆಯವರು ಹಾಗೆ ಹೇಳಿದ್ದಾರೆ.

ಕೃಷ್ಣಾ, ಘಟಪ್ರಭಾ ಕಡೆಯವರಿಗೆ ಇನ್ನೂ ದೊಡ್ಡ ಪ್ರಶ್ನೆ ಮುಂದಿದೆ. ಆಲಮಟ್ಟಿ ಜಲಾಶಯದ ಎತ್ತರವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸಲು ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. ನೀರಾವರಿಗೆ ಅದು ಬೇಕು, ನಾವೂ ಬಲ್ಲೆವು. ಮುಳುಗುವ ಜಮೀನಿಗೆ ಎಕರೆಗೆ ಎಷ್ಟು ಎಂಬ ಚರ್ಚೆ ಜೋರಾಗಿ ನಡೆದಿದೆ. ಆದರೆ ಹಿನ್ನೀರು ಏರಿದ ಮೇಲೆ, ಮುಳುಗಡೆ ಪಟ್ಟಿಗೆ ಸೇರದ ಆದರೆ ಅಂಚಿನಲ್ಲೇ ಉಳಿಯುವ ಊರುಗಳಿಗೆ ದೊಡ್ಡ ಮಳೆ ಬಂದಾಗ ಏನಾಗುತ್ತದೆ? ಆ ಊರುಗಳಲ್ಲಿ ಕೂತು, ನಕ್ಷೆ ಹರಡಿ, ಕನ್ನಡದಲ್ಲಿ ವಿವರಿಸಿ ಹೇಳುವ ಕೆಲಸ ಆಗಬೇಕು. ಪರಿಹಾರದ ಚೆಕ್ಕಿಗಿಂತ ಮೊದಲು ಆಗಬೇಕಾದ ಕೆಲಸ ಅದು.

ಹಾಗಾಗಿ ನನ್ನ ಬೇಡಿಕೆ ಇದು. ಯೋಜನೆ ಬರೆಯಲು ಬೇಸಿಗೆಯಲ್ಲೇ ಬನ್ನಿ, ಮೋಡ ಕಟ್ಟಿದ ಮೇಲೆ ಯಾರಿಗೂ ಕೂತು ಮಾತಾಡುವ ವ್ಯವಧಾನ ಇರುವುದಿಲ್ಲ. ತಹಶೀಲ್ದಾರರು, ಪಿಡಿಒ, ನೀರಾವರಿ ಎಂಜಿನಿಯರು, ಪಶು ವೈದ್ಯರು, ಕರೆಂಟಿನ ಹೆಸ್ಕಾಂನವರು ಒಂದೇ ದಿನ ಒಟ್ಟಿಗೆ ಬರಲಿ. ಒಬ್ಬರು ಬಂದು ‘ಅದು ನಮ್ಮ ಇಲಾಖೆಗೆ ಬರುವುದಿಲ್ಲ’ ಎಂದು ಹೇಳಿ ಹೋಗುವುದು ಬೇಡ. ಮೊದಲು ಊರು ಸುತ್ತಿ, ಆಮೇಲೆ ಕೂರೋಣ. ಆ ದಿನ ತೀರ್ಮಾನ ಆದದ್ದನ್ನು ಅಲ್ಲೇ ಬರೆದು, ಓದಿ, ಒಂದು ಪ್ರತಿ ಪಂಚಾಯಿತಿ ಗೋಡೆಗೆ ಅಂಟಿಸಿ. ಆಗದ ಕೆಲಸಕ್ಕೆ ಆಗುವುದಿಲ್ಲ ಎಂದೂ, ಯಾಕೆ ಎಂದೂ ಬರೆಯಿರಿ. ಅದರಿಂದ ನಮಗೆ ಬೇಸರ ಆಗಬಹುದು, ಮೋಸ ಹೋದೆವು ಎಂದು ಮಾತ್ರ ಅನಿಸುವುದಿಲ್ಲ. ಪಂಚಾಯಿತಿಯ ವಾರ್ಷಿಕ ಯೋಜನೆಯಲ್ಲಿ ಇದಕ್ಕೆ ಒಂದಿಷ್ಟು ಹಣ ತೆಗೆದಿಡಲು ಆದೇಶ ಮಾಡಿ. ಬಣ್ಣದ ಗೆರೆ, ಒಂದು ಸೈರನ್, ಎತ್ತರದ ಜಾಗದಲ್ಲಿ ದನಕ್ಕೊಂದು ತಗಡಿನ ನೆರಳು, ಹಳ್ಳದ ಮೇಲೆ ಸ್ವಲ್ಪ ಎತ್ತರದ ದಾರಿ. ಜಾಸ್ತಿ ಏನೂ ಕೇಳುತ್ತಿಲ್ಲ. ಜೂನ್ ಮೊದಲ ವಾರ ಒಂದು ದಿನ ಇಡೀ ಊರು ದನಕರು ಸಮೇತ ಎತ್ತರಕ್ಕೆ ನಡೆದು ನೋಡಿ ಬರೋಣ. ನೋಡಲ್ ಅಧಿಕಾರಿಗಳೂ ಜೊತೆಗೆ ನಡೆಯಲಿ. ಎಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅವರಿಗೂ ತಿಳಿಯುತ್ತದೆ.

ಸಭೆಯ ದಿನವನ್ನು ಎರಡು ವಾರ ಮೊದಲೇ ತಿಳಿಸಿ, ಡಂಗುರ ಸಾರಿಸುವ ಕೆಲಸ ನಾವು ನೋಡಿಕೊಳ್ಳುತ್ತೇವೆ. ಊರು ಸುತ್ತುವುದನ್ನು ನಾಲ್ಕು ಗಂಟೆಗೆ ಶುರು ಮಾಡಿ, ಸಭೆಯನ್ನು ಸಂಜೆ ಆರರ ನಂತರ ಇಡಿ. ಹಗಲು ಸಭೆ ಇಟ್ಟರೆ ಕೂಲಿಗೆ ಹೋದವರು ಬರಲಾಗುವುದಿಲ್ಲ, ಅವರಿಲ್ಲದೆ ತಗ್ಗಿನ ಕೇರಿಯ ವಿಷಯ ಯಾರೂ ಎತ್ತುವುದಿಲ್ಲ.

ಇಂತಿ,
ಮಲಪ್ರಭಾ ದಂಡೆಯ ಒಬ್ಬ ನಿವಾಸಿ